ಓದುಗರ ಪ್ರಶ್ನೆ: ರನ್‌ವೇ ಇಲ್ಲದ ಕಡೆ ಇಳಿಯುವ ಪುಟ್ಟ ವಿಮಾನ

ಹೊಳೆದಂಡೆ, ಹುಲ್ಲುಗಾವಲು, ಹಿಮ, ಕೆರೆ, ಹೀಗೆ ರನ್‌ವೇ ಇಲ್ಲದಲ್ಲೂ ಇಳಿದು ಏರುವ ಪುಟ್ಟ ವಿಮಾನಗಳನ್ನು ಅಲಾಸ್ಕಾ, ಕೆನಡಾಗಳಲ್ಲಿ ಬುಷ್ ಪ್ಲೇನ್ ಅನ್ನುತ್ತಾರೆ. ಇವನ್ನು ಹವ್ಯಾಸಕ್ಕಾಗಿ ಹಾರಿಸುವವರಿಂದ, ಹಾರಿಸಬೇಕೆಂದಿರುವವರಿಂದ ಬಂದ ಪ್ರಶ್ನೆಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಸೆಸ್ನಾ 172ರಲ್ಲಿ ಲೈಸೆನ್ಸ್ ಪಡೆದು 90 ಗಂಟೆ ಹಾರಿದ್ದೇನೆ. ಪೈಪರ್ ಸೂಪರ್ ಕಬ್ ಹಾರಿಸಲು ಹೋದರೆ ಮತ್ತೆ ಮೊದಲಿಂದ ಕಲಿಯಬೇಕು ಅನ್ನುತ್ತಾರೆ. ಮೂರನೇ ಚಕ್ರ ಮೂಗಿನ ಬದಲು ಬಾಲದಲ್ಲಿದೆ ಅನ್ನುವುದಕ್ಕೆ ಇಷ್ಟೊಂದು ವ್ಯತ್ಯಾಸವೇ? (ಸಿಯಾಟಲ್)

ಉತ್ತರ: ಆಕಾಶದಲ್ಲಿ ವ್ಯತ್ಯಾಸ ಕಡಿಮೆ, ನೆಲದ ಮೇಲೆ ಬಹಳ. ನಿಮ್ಮ 172ರಲ್ಲಿ ತೂಕದ ಕೇಂದ್ರ ಮುಖ್ಯ ಚಕ್ರಗಳಿಗಿಂತ ಮುಂದಿದೆ. ಕೊಂಚ ಓರೆಯಾಗಿ ಇಳಿದರೂ ವಿಮಾನ ತಾನಾಗಿ ನೇರವಾಗುತ್ತದೆ. ಬಾಲದಲ್ಲಿ ಚಕ್ರವಿರುವ ಟೇಲ್‌ವೀಲ್ ವಿಮಾನದಲ್ಲಿ ಆ ತೂಕ ಮುಖ್ಯ ಚಕ್ರಗಳ ಹಿಂದಿದೆ. ಬಾಲ ಒಂದು ಪಕ್ಕಕ್ಕೆ ಜಾರಿತೆಂದರೆ ಹಿಂದಿನ ತೂಕವೇ ಮುಂದೆ ಬರಲು ನುಗ್ಗುತ್ತದೆ, ವಿಮಾನ ಗಿರ್ರನೆ ತಿರುಗುತ್ತದೆ. ಇದೇ ಗ್ರೌಂಡ್ ಲೂಪ್. ರೆಕ್ಕೆಯ ತುದಿ ನೆಲಕ್ಕೆ ಬಡಿಯುತ್ತದೆ, ಕೆಲವೊಮ್ಮೆ ಒಂದು ಕಡೆಯ ಲ್ಯಾಂಡಿಂಗ್ ಗೇರ್ ಮಡಚಿಕೊಳ್ಳುತ್ತದೆ. ಇದಕ್ಕೆ ಅಪಾಯದ ಹೊತ್ತು ಚಕ್ರ ನೆಲ ಮುಟ್ಟುವ ಕ್ಷಣವೊಂದೇ ಅಲ್ಲ, ಅದಾದ ಮೇಲೆ ವೇಗ ಇಳಿದು ಬಾಲದ ಚುಕ್ಕಾಣಿಯಾದ ರಡ್ಡರ್‌ಗೆ ಗಾಳಿ ಸಾಲದೆ ಹೋಗುವ ಹೊತ್ತೂ ಹೌದು. ಇಳಿದಾಯಿತು ಎಂದು ಕಾಲು ಸಡಿಲ ಬಿಟ್ಟವರೇ ಅಲ್ಲಿ ಸಿಕ್ಕಿಬೀಳುತ್ತಾರೆ.

ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎಯ ನಿಯಮದಲ್ಲಿ ಟೇಲ್‌ವೀಲ್ ಕಲಿಕೆಗೆ ಇಷ್ಟೇ ಗಂಟೆ ಎಂದಿಲ್ಲ. ಮೂರು ಚಕ್ರವೂ ಒಟ್ಟಿಗೆ ನೆಲ ಮುಟ್ಟುವ ಇಳಿತ, ಮುಂದಿನ ಎರಡೇ ಚಕ್ರದ ಮೇಲಿನ ಇಳಿತ, ಅಡ್ಡಗಾಳಿ, ಇಳಿಯದೆ ಮತ್ತೆ ಮೇಲೇರುವ ಗೋ-ಅರೌಂಡ್ ಇಷ್ಟನ್ನೂ ಕಲಿಸಿ, ತೃಪ್ತಿಯಾದ ಮೇಲೆ ಶಿಕ್ಷಕರು ಲಾಗ್‌ಬುಕ್ಕಿನಲ್ಲಿ ಬರೆದು ಸಹಿ ಹಾಕುತ್ತಾರೆ. ಸಾಮಾನ್ಯವಾಗಿ 10 ಗಂಟೆಯ ಆಸುಪಾಸು ಹಿಡಿಯುತ್ತದೆ. ವಿಮೆಯವರು ಅದಕ್ಕಿಂತ ಹೆಚ್ಚು ಕೇಳುವುದುಂಟು, ಮೊದಲೇ ವಿಚಾರಿಸಿಕೊಳ್ಳಿ.

ಹಿಮ್ಮಡಿ ನೆಲದ ಮೇಲಿರಲಿ, ರಡ್ಡರ್ ಪೆಡಲ್ ಮೇಲೆ ಮುಂಗಾಲು ಮಾತ್ರ. ಇಲ್ಲದಿದ್ದರೆ ಗೊತ್ತಿಲ್ಲದೆಯೇ ಬ್ರೇಕ್ ಒತ್ತಿಬಿಡುತ್ತೀರಿ. ರಡ್ಡರನ್ನು ಒತ್ತಿ ಹಿಡಿಯಬೇಡಿ. ಚಿಕ್ಕದಾಗಿ ಒತ್ತಿ, ಬಿಟ್ಟು, ಮತ್ತೆ ಒತ್ತಿ, ಹೀಗೆ ಕಾಲು ಸದಾ ಆಡುತ್ತಿರಬೇಕು. ಮೂರು ಚಕ್ರದಲ್ಲಿ ಇಳಿದರೆ ಸ್ಟಿಕ್ (ಮೂಗನ್ನು ಏರಿಳಿಸುವ ಹಿಡಿ) ಪೂರ್ತಿ ಹಿಂದಕ್ಕೆ, ವಿಮಾನ ನಿಲ್ಲುವವರೆಗೂ ಹಿಂದಕ್ಕೇ. ಎರಡು ಚಕ್ರದಲ್ಲಾದರೆ ಚಕ್ರ ತಾಕಿದ ಕ್ಷಣ ಸ್ಟಿಕ್ ಒಂದಿಷ್ಟೇ ಮುಂದೆ. ಪುಟಿದಾಗ ಮೂಗನ್ನು ನೆಲಕ್ಕೆ ಒತ್ತಲು ಹೋಗುವುದು ಕಲಿಯುವವರ ದೊಡ್ಡ ತಪ್ಪು. ಎರಡನೇ ಪುಟಿತ ಮೊದಲಿನದಕ್ಕಿಂತ ಎತ್ತರ, ಮೂರನೆಯದರಲ್ಲಿ ಪ್ರೊಪೆಲರ್ ನೆಲಕ್ಕೆ ಬಡಿದು ಎಂಜಿನ್ನನ್ನೇ ಬಿಚ್ಚಿ ನೋಡಬೇಕಾಗುತ್ತದೆ. ಜೋರಾಗಿ ಪುಟಿದರೆ ಪೂರ್ತಿ ಥ್ರಾಟಲ್ ಕೊಟ್ಟು ಮೇಲೇರಿ, ಇನ್ನೊಂದು ಸುತ್ತು ಬನ್ನಿ.

ಇಳಿದ ಮೇಲೆ ಬಾಲ ಗಡಗಡ ನಡುಗಿದರೆ ಟೇಲ್‌ವೀಲ್‌ನ ಪಟ್ಟಿ ಸ್ಪ್ರಿಂಗ್ ನೋಡಿಸಿ. ಅದರ ಬಾಗು ಸತ್ತು ಚಪ್ಪಟೆಯಾದಾಗ ಚಕ್ರ ತಿರುಗುವ ಕೀಲಿನ ಕೋನ ಕೆಡುತ್ತದೆ. ಬೋಲ್ಟ್ ಬಿಗಿ ಮಾಡಿದ ಮಾತ್ರಕ್ಕೆ ಆ ನಡುಕ ಹೋಗುವುದಿಲ್ಲ.

ಪ್ರಶ್ನೆ: ಒರಟು ನೆಲಕ್ಕೆಂದೇ ಮಾಡಿದ 31 ಇಂಚಿನ ದಪ್ಪ ಟಂಡ್ರಾ ಟೈರ್ ಹಾಕಿಸಿದರೆ ಕಲ್ಲು, ಗುಂಡಿ ಯಾವುದರ ಮೇಲಾದರೂ ಇಳಿಯಬಹುದೇ? (ಕ್ಯಾಲ್ಗರಿ)

ಉತ್ತರ: ಇಲ್ಲ. ಕಲ್ಲನ್ನು ನುಂಗುವ ಗುಣ ಬರುವುದು ಟೈರಿನ ಗಾತ್ರದ ಜೊತೆಗೆ ಒಳಗಿನ ಕಡಿಮೆ ಒತ್ತಡದಿಂದ. ಸೂಪರ್ ಕಬ್‌ನಲ್ಲಿ 6ರಿಂದ 8 ಪಿಎಸ್‌ಐ ಇಟ್ಟುಕೊಳ್ಳುವವರು ಹೆಚ್ಚು. ಕಾರಿನ ಗೇಜ್ ಇಲ್ಲಿ ಕೆಲಸಕ್ಕೆ ಬಾರದು, ಕಡಿಮೆ ಒತ್ತಡ ಅಳೆಯುವುದನ್ನೇ ಕೊಳ್ಳಿ. ಅಲಾಸ್ಕನ್ ಬುಷ್‌ವೀಲ್ ಟೈರಿನಲ್ಲಿ ಗಾಳಿ ತುಂಬುವ ವಾಲ್ವ್ ರಿಮ್‌ನಲ್ಲಿಲ್ಲ, ಟೈರಿನ ಪಕ್ಕದ ಗೋಡೆಯಲ್ಲಿದೆ. ಒತ್ತಡ ಕಡಿಮೆ ಇದ್ದಾಗ ಟೈರ್ ರಿಮ್ ಮೇಲೆ ಜಾರಿ ತಿರುಗಿದರೂ ವಾಲ್ವ್ ಹರಿಯಬಾರದು ಎಂದೇ ಈ ಏರ್ಪಾಡು. ಡಾಂಬರಿನ ಮೇಲೆ ಈ ಮೆತ್ತನೆಯ ರಬ್ಬರ್ ಬೇಗ ಸವೆಯುತ್ತದೆ, ಅಡ್ಡಗಾಳಿಯಲ್ಲಿ ಕಚ್ಚಿ ಹಿಡಿಯುತ್ತದೆ, ಆಕಾಶದಲ್ಲಿ ವೇಗವನ್ನೂ ಕೊಂಚ ತಿನ್ನುತ್ತದೆ. ಪಕ್ಕದಲ್ಲಿ ಹುಲ್ಲಿನ ಪಟ್ಟಿ ಇದ್ದರೆ ಅಲ್ಲೇ ಇಳಿಯಿರಿ.

ಪ್ರಶ್ನೆ: ಹೊಳೆಯ ನಡುವಿನ ಕಲ್ಲುಮರಳಿನ ದಿಬ್ಬದ ಮೇಲೆ ಇಳಿಯಬಹುದೋ ಇಲ್ಲವೋ ಎಂದು ಮೇಲಿನಿಂದಲೇ ತಿಳಿಯುವುದು ಹೇಗೆ? (ಆಂಕರೇಜ್)

ಉತ್ತರ: ಮೊದಲ ಸುತ್ತು ಸಾವಿರ ಅಡಿ ಎತ್ತರದಲ್ಲಿರಲಿ. ಅಲ್ಲಿಂದ ನೋಡಬೇಕಾದದ್ದು ದಿಬ್ಬವನ್ನಲ್ಲ, ಅದರ ಸುತ್ತಲನ್ನು: ಇಳಿಯುವ ದಾರಿ, ಕೈಬಿಟ್ಟು ಮೇಲೇರುವ ದಾರಿ, ಎದುರಿನ ಮರ, ಗುಡ್ಡ. ಗಾಳಿಯನ್ನು ನೀರಿನಲ್ಲಿ ಓದಿ. ಕೆರೆಯ ಯಾವ ದಂಡೆಗೆ ಹೊಂದಿ ನೀರು ಕನ್ನಡಿಯಂತೆ ನಿಂತಿದೆಯೋ ಗಾಳಿ ಬೀಸುತ್ತಿರುವುದು ಆ ಕಡೆಯಿಂದ.

ಮುಂದಿನ ಸುತ್ತಿನಲ್ಲಿ ದಿಬ್ಬದ ಮೇಲಲ್ಲ, ಅದರ ಪಕ್ಕದಲ್ಲಿ, ನಿಮ್ಮ ಕಿಟಕಿಗೆ ಕಾಣುವಂತೆ ಹಾರಿ ಉದ್ದ ಅಳೆಯಿರಿ. ಜಿಪಿಎಸ್‌ನಲ್ಲಿ ನೆಲದ ವೇಗ 60 ನಾಟ್ (ಗಂಟೆಗೆ 60 ಸಮುದ್ರ ಮೈಲಿ) ಇದ್ದರೆ ಸೆಕೆಂಡಿಗೆ ಸುಮಾರು 100 ಅಡಿ ದಾಟುತ್ತೀರಿ. ಎಂಟು ಎಣಿಸಿದರೆ 800 ಅಡಿ. ಕಣ್ಣಳತೆಯನ್ನು ನಂಬಬೇಡಿ. ದೊಡ್ಡ ಬಯಲಿನ ನಡುವೆ ದಿಬ್ಬ ಗಿಡ್ಡವಾಗಿ ಕಾಣುತ್ತದೆ, ಇಕ್ಕಟ್ಟಿನ ಕಣಿವೆಯಲ್ಲಿ ಅದೇ ದಿಬ್ಬ ಉದ್ದ ಕಾಣುತ್ತದೆ.

ಈಗ ನೆಲ. ನುಣ್ಣಗೆ, ಬೂದುಬಣ್ಣದಲ್ಲಿ, ಆಸೆ ಹುಟ್ಟಿಸುವಷ್ಟು ಸಪಾಟಾಗಿ ಕಾಣುವ ಜಾಗವೇ ಹೆಚ್ಚು ಸಲ ಮೋಸ. ಅದು ನೆರೆ ಬಿಟ್ಟುಹೋದ ಹೂಳು. ಮೇಲೆ ಒಣಗಿದ ತೆಳು ಸಿಪ್ಪೆ, ಕೆಳಗೆ ಅಂಟು ಕೆಸರು. ಚಕ್ರ ಹೂತು ವಿಮಾನ ಮೂಗಿನ ಮೇಲೆ ಮಗುಚುವುದು ಅಲ್ಲಿ. ಮುಷ್ಟಿಗಿಂತ ಸಣ್ಣ ಕಲ್ಲು ಒತ್ತೊತ್ತಾಗಿ ಕೂತ ಜಾಗ ನೋಡಲು ಒರಟು, ಆದರೆ ಗಟ್ಟಿ. ಮೂಸ್ (ಅಲ್ಲಿನ ದೊಡ್ಡ ಜಿಂಕೆ) ಅಥವಾ ಕರಡಿ ನಡೆದ ಹೆಜ್ಜೆ ಕಂಡರೆ ಅದರ ಆಳ ನೋಡಿ, ನೆರಳು ತುಂಬಿದ ಹೆಜ್ಜೆ ಎಂದರೆ ಮೆತ್ತನೆ ನೆಲ. ತೇಲಿಬಂದ ಮರದ ದಿಮ್ಮಿಗಳು ಮರಳಲ್ಲಿ ಅರ್ಧ ಹೂತಿರುತ್ತವೆ. ನಡುಮಧ್ಯಾಹ್ನದ ಬಿಸಿಲಿನಲ್ಲಿ ನೆರಳಿಲ್ಲದೆ ಅವು ಕಾಣುವುದೇ ಇಲ್ಲ, ಬೆಳಗ್ಗೆ, ಸಂಜೆಯ ಓರೆಬಿಸಿಲಿನಲ್ಲಿ ಎದ್ದು ಕಾಣುತ್ತವೆ.

ಇಷ್ಟಾದ ಮೇಲೂ ಸಂಶಯವಿದ್ದರೆ, ಎಂಜಿನ್ನಿಗೆ ಪವರ್ ಕೊಟ್ಟುಕೊಂಡೇ, ಹಾರುವ ವೇಗ ಕಳೆಯದೆ, ಚಕ್ರಗಳನ್ನು ನೆಲಕ್ಕೆ ಸವರಿ ಮೇಲೇಳುವುದೊಂದು ಕ್ರಮವಿದೆ. ಚಕ್ರ ಎಳೆದಂತಾದರೆ ಮೆತ್ತಗಿದೆ ಎಂದರ್ಥ. ನಂತರ ಬಂದು ಚಕ್ರ ಬಿಟ್ಟ ಗೆರೆ ನೋಡಿ. ನೀರು ತುಂಬಿಕೊಂಡಿದ್ದರೆ ಬೇರೆ ಕಡೆ ಹೊರಡಿ. ಇದನ್ನು ಬಲ್ಲವರ ಜೊತೆ ಕೂತು ಕಲಿಯದೆ ಒಬ್ಬರೇ ಮಾಡಬೇಡಿ.

ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯಲಾರದೆ ಸೋಲುವುದಕ್ಕೆ ಸ್ಟಾಲ್ ಅನ್ನುತ್ತಾರೆ. ಇಳಿಯಲು ಬರುವ ವೇಗ ಸಾಮಾನ್ಯವಾಗಿ ಆ ಸ್ಟಾಲ್ ವೇಗದ 1.3 ಪಟ್ಟು. ಸೂಪರ್ ಕಬ್ ರೆಕ್ಕೆಯ ಹಿಂಬದಿಯ ಫ್ಲಾಪ್ ಇಳಿಸಿದಾಗ ಗಂಟೆಗೆ 43 ಮೈಲಿಯ ಹತ್ತಿರ ಸ್ಟಾಲ್ ಆಗುವುದರಿಂದ 56 ಮೈಲಿ. ಎಲ್ಲಿ ನೆಲ ಮುಟ್ಟದಿದ್ದರೆ ಕೈಬಿಡುತ್ತೀರಿ ಎಂಬುದಕ್ಕೆ ಒಂದು ದಿಮ್ಮಿಯನ್ನೋ ಪೊದೆಯನ್ನೋ ಮೊದಲೇ ಗುರುತು ಮಾಡಿ. ಗುರುತು ದಾಟಿದಾಗ ಯೋಚನೆಗೆ ಸಮಯವಿರುವುದಿಲ್ಲ. ಮೆತ್ತನೆ ಮರಳು ಇಳಿಯುವಾಗ ಬ್ರೇಕಿನಂತೆ ನೆರವಾಗುತ್ತದೆ, ಏರುವಾಗ ಅದೇ ಕಾಲು ಹಿಡಿಯುತ್ತದೆ. ಆದ್ದರಿಂದ ಲೆಕ್ಕ ಹಾಕಬೇಕಾದದ್ದು ಹೊರಡುವ ಓಟವನ್ನು.

ರಾತ್ರಿ ತಂಗುವುದಾದರೆ ಇನ್ನೊಂದು ಮಾತು. ಹಿಮನದಿಯಿಂದ ಹುಟ್ಟುವ ಹೊಳೆಗಳು ಹಗಲ ಬಿಸಿಲಿಗೆ ಹಿಮ ಕರಗಿ ಮಧ್ಯಾಹ್ನದ ನಂತರ ಉಬ್ಬುತ್ತವೆ. ನೀರಿನಂಚಿಗೆ ಒಂದು ಕೋಲು ನೆಟ್ಟು ಗಂಟೆಗೊಮ್ಮೆ ನೋಡಿ. ವಿಮಾನವನ್ನು ದಿಬ್ಬದ ಎತ್ತರದ ತುದಿಯಲ್ಲಿ ಕಟ್ಟಿ.

ಕೊನೆಯದು, ಎಲ್ಲಕ್ಕಿಂತ ಮುಖ್ಯ: ನೆಲ ನೋಡುತ್ತಾ ಕೆಳಮಟ್ಟದಲ್ಲಿ ಬಿಗಿಯಾಗಿ ಸುತ್ತಬೇಡಿ. ಎತ್ತರ ಕಳೆಯದಂತೆ 45 ಡಿಗ್ರಿ ವಾಲಿ ತಿರುಗಿದರೆ 43ರ ಸ್ಟಾಲ್ 51 ಮೈಲಿಗೆ ಏರುತ್ತದೆ, 60 ಡಿಗ್ರಿಗೆ 61ಕ್ಕೆ. ಕೆಳಗಿನ ಮೂಸ್ ಮೇಲೆ ಕಣ್ಣಿಟ್ಟು ಸುತ್ತುತ್ತಾ ಬಿದ್ದವರು ಎಷ್ಟೋ ಮಂದಿ, ಅದಕ್ಕೆ ಮೂಸ್ ಸ್ಟಾಲ್ ಎಂಬ ಹೆಸರೇ ಬಿದ್ದಿದೆ. ನೇರ ಹಾರುತ್ತಾ ನೋಡಿ, ದೂರ ಹೋಗಿ ತಿರುಗಿ ಬನ್ನಿ.

ಪ್ರಶ್ನೆ: ಜುಲೈನಲ್ಲಿ 172 ತೆಗೆದುಕೊಂಡು ಐಡಹೋದ ಜಾನ್ಸನ್ ಕ್ರೀಕ್‌ಗೆ ಹೋಗಿ ಟೆಂಟ್ ಹಾಕುವ ಯೋಚನೆ. 3,400 ಅಡಿ ಉದ್ದದ ಹುಲ್ಲು ರನ್‌ವೇ, ಧಾರಾಳ ಸಾಕಲ್ಲವೇ? (ಸ್ಯಾನ್ ಹೋಸೆ)

ಉತ್ತರ: ಬೆಳಗ್ಗೆ ಆರಕ್ಕೆ ಕೇಳಿದರೆ ಒಂದು ಉತ್ತರ, ಮಧ್ಯಾಹ್ನ ಮೂರಕ್ಕೆ ಇನ್ನೊಂದು. ಆ ಜಾಗ ಸಮುದ್ರಮಟ್ಟದಿಂದ ಸುಮಾರು 4,900 ಅಡಿ ಮೇಲಿದೆ. ಅಷ್ಟು ಎತ್ತರಕ್ಕೆ ಲೆಕ್ಕಕ್ಕೆ ಹಿಡಿಯುವ ಮಾದರಿ ತಾಪಮಾನ 5 ಡಿಗ್ರಿ ಸೆಲ್ಸಿಯಸ್. ಬೇಸಿಗೆಯ ಮಧ್ಯಾಹ್ನ 30 ಡಿಗ್ರಿ ಇದ್ದರೆ 25 ಡಿಗ್ರಿ ಹೆಚ್ಚಾಯಿತು. ಬಿಸಿಗಾಳಿ ತೆಳು, ಆದ್ದರಿಂದ ಡಿಗ್ರಿಗೆ 120 ಅಡಿಯಂತೆ 3,000 ಅಡಿ ಸೇರಿಸಿ. ನಿಮ್ಮ ರೆಕ್ಕೆ, ಎಂಜಿನ್ನುಗಳ ಪಾಲಿಗೆ ನೀವು 7,900 ಅಡಿಯಲ್ಲಿದ್ದೀರಿ. ಟರ್ಬೊ ಇಲ್ಲದ ಎಂಜಿನ್ ಸಾವಿರ ಅಡಿಗೆ ಸುಮಾರು ಶೇ 3ರಷ್ಟು ಬಲ ಕಳೆದುಕೊಳ್ಳುತ್ತದೆ. 160 ಅಶ್ವಶಕ್ತಿಯಲ್ಲಿ ಕೈಗೆ ಸಿಗುವುದು 120ರ ಆಸುಪಾಸು.

ಹೊರಡುವ ಮುಂಚೆ ಮಿಕ್ಸ್ಚರ್ ಲೀನ್ ಮಾಡಿ, ಅಂದರೆ ಗಾಳಿಗೆ ಬೆರೆಯುವ ಇಂಧನ ತಗ್ಗಿಸಿ. ಸಮುದ್ರಮಟ್ಟದ ಅಭ್ಯಾಸದಲ್ಲಿ ಪೂರ್ತಿ ರಿಚ್ (ಇಂಧನ ಹೆಚ್ಚು) ಬಿಟ್ಟರೆ ಉಳಿದ ಬಲದಲ್ಲೂ ಒಂದಿಷ್ಟು ಹೋಗುತ್ತದೆ. ರನ್‌ವೇಯ ಅರ್ಧ, ಅಂದರೆ 1,700 ಅಡಿಗೆ, ಏರುವ ವೇಗದ ಶೇ 70 ಬಂದಿರಬೇಕು. 55 ನಾಟ್‌ಗೆ ಏರುವುದಾದರೆ 38-39 ನಾಟ್. ಬಂದಿಲ್ಲವೆಂದರೆ ಥ್ರಾಟಲ್ ಎಳೆದು ನಿಲ್ಲಿಸಿ. ತೆಳುಗಾಳಿಯಲ್ಲಿ ನೆಲ ಎಂದಿಗಿಂತ ಜೋರಾಗಿ ಹಿಂದೆ ಓಡುತ್ತದೆ. ಅದನ್ನು ನೋಡಿ ವೇಗ ಸಾಕೆಂದು ಮೂಗೆತ್ತಿದವರು ಏರಲಾಗದೆ ಮರಗಳ ಕಡೆ ತೇಲುತ್ತಾರೆ. ವೇಗದ ಗೇಜ್ ಹೇಳಿದ್ದನ್ನೇ ನಂಬಿ. ಕಣಿವೆಯಲ್ಲಿ ನಡುವೆ ಹಾರದೆ ಒಂದು ಮಗ್ಗುಲಿಗೆ ಹೊಂದಿ ಹಾರಿ, ಆಗ ತಿರುಗಲು ಕಣಿವೆಯ ಪೂರ್ತಿ ಅಗಲ ಸಿಗುತ್ತದೆ. ಬೆಳಗ್ಗೆ ಹತ್ತರೊಳಗೆ ಹೊರಟುಬಿಡಿ. ಮೊದಲ ಸಲ ಹೋಗುವ ಮುಂಚೆ ಆ ಕಡೆಯ ಪರ್ವತ ಹಾರಾಟದ ಶಿಕ್ಷಕರ ಜೊತೆ ಒಂದೆರಡು ದಿನ ಹಾರುವುದು ಟೆಂಟಿಗಿಂತ ಮುಖ್ಯವಾದ ಖರ್ಚು.

ಪ್ರಶ್ನೆ: ಹಿಮವಿಲ್ಲದ ದಿನ, 15 ಡಿಗ್ರಿ ಇದ್ದಾಗಲೂ ಕಾರ್ಬ್ಯುರೇಟರಿನಲ್ಲಿ ಮಂಜು ಕಟ್ಟುತ್ತದೆಯೇ? (ವ್ಯಾಂಕೂವರ್)

ಉತ್ತರ: ಕಟ್ಟುತ್ತದೆ. ಇಂಧನ ಆವಿಯಾಗುವಾಗ ಒಳಗಿನ ಗಾಳಿ ಥಟ್ಟನೆ ತಣ್ಣಗಾಗುತ್ತದೆ. 21 ಡಿಗ್ರಿಗಿಂತ ಕಡಿಮೆ, ತೇವಾಂಶ ಶೇ 80ಕ್ಕಿಂತ ಹೆಚ್ಚು ಇದ್ದರೆ ಅದಕ್ಕೆ ಹಬ್ಬ. ಆರ್‌ಪಿಎಂ ತಾನಾಗಿ ನಿಧಾನಕ್ಕೆ ಇಳಿಯುವುದು ಮೊದಲ ಸುಳಿವು. ಕಾರ್ಬ್ಯುರೇಟರಿಗೆ ಬಿಸಿಗಾಳಿ ಕೊಡುವ ಕಾರ್ಬ್ ಹೀಟನ್ನು ಅರ್ಧಂಬರ್ಧ ಅಲ್ಲ, ಪೂರ್ತಿ ಎಳೆಯಿರಿ. ಕರಗಿದ ನೀರು ಎಂಜಿನ್ನಿಗೆ ಹೋಗಿ ಒಂದಿಷ್ಟು ಹೊತ್ತು ಇನ್ನೂ ಕೆಟ್ಟದಾಗಿ ಕೆಮ್ಮುತ್ತದೆ. ಆಗ ಹೆದರಿ ವಾಪಸ್ ತಳ್ಳಿದರೆ ಕೆಲಸ ಕೆಟ್ಟಿತು.

ಪ್ರಶ್ನೆ: ಇಂಥ ಹಾರಾಟ ನಮ್ಮಲ್ಲೇ ಕಲಿಯಬಹುದೇ? (ದಾವಣಗೆರೆ)

ಉತ್ತರ: ಲೈಸೆನ್ಸ್ ಕಲಿಯಬಹುದು. ನಮ್ಮ ವಿಮಾನಯಾನ ನಿಯಂತ್ರಕ ಡಿಜಿಸಿಎಯ ಖಾಸಗಿ ಪೈಲಟ್ ಲೈಸೆನ್ಸಿಗೆ 17 ವರ್ಷ, ಹತ್ತನೇ ತರಗತಿ, ಕ್ಲಾಸ್ 2 ವೈದ್ಯಕೀಯ ಪ್ರಮಾಣಪತ್ರ, ಕನಿಷ್ಠ 40 ಗಂಟೆ ಹಾರಾಟ ಬೇಕು. ಆದರೆ ಅಲಾಸ್ಕಾದವರಂತೆ ಕಂಡ ಹೊಳೆದಂಡೆಗೆ ಅನುಮತಿಯಿಲ್ಲದೆ ಇಳಿಯಲು ಇಲ್ಲಿ ಆಗದು. ಟೇಲ್‌ವೀಲ್ ಮಾತ್ರ ನಮಗೆ ಹೊಸದಲ್ಲ. ಬೆಂಗಳೂರಿನ ಎಚ್‌ಎಎಲ್ ಕಟ್ಟಿ 1958ರಲ್ಲಿ ಮೊದಲು ಹಾರಿಸಿದ ಪುಷ್ಪಕ್ ಬಾಲದಲ್ಲಿ ಚಕ್ರವಿದ್ದ, ರೆಕ್ಕೆ ಮೇಲಿದ್ದ, 90 ಅಶ್ವಶಕ್ತಿಯ ಇಬ್ಬರು ಕೂರುವ ವಿಮಾನ. ದೇಶದ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಎಷ್ಟೋ ಮಂದಿ ಅದರಲ್ಲೇ ಕಲಿತರು. ನೀವು ಇಲ್ಲಿ ಲೈಸೆನ್ಸ್ ಮುಗಿಸಿ, ಟೇಲ್‌ವೀಲ್ ಮತ್ತು ಒರಟು ನೆಲದ ಪಾಠಕ್ಕೆ ಹೊರಗೆ ಹೋಗುವುದು ಒಳ್ಳೆಯ ದಾರಿ. ಮೊದಲ ಪಾಠದಿಂದಲೇ ಅಮೆರಿಕದಲ್ಲಿ ಕಲಿಯುವುದಾದರೆ ಅಲ್ಲಿನ ಸಾರಿಗೆ ಭದ್ರತಾ ಸಂಸ್ಥೆ ಟಿಎಸ್‌ಎಯ ಒಪ್ಪಿಗೆ ಮೊದಲು ಪಡೆಯಬೇಕು. ಟಿಕೆಟ್ ಕೊಳ್ಳುವ ಮುಂಚೆ ಅದನ್ನು ಮುಗಿಸಿಕೊಳ್ಳಿ.

ಪ್ರಶ್ನೆ: ತುರ್ತು ಸಾಮಾನಿನ ಚೀಲ ಎಲ್ಲಿಡಬೇಕು? (ಫೇರ್‌ಬ್ಯಾಂಕ್ಸ್)

ಉತ್ತರ: ಅಲಾಸ್ಕಾದಲ್ಲಿ ತುರ್ತು ಸಾಮಾನು ಬೇಕೇ ಬೇಕು, ಚೀಲ ಹಿಂದಿರಲಿ. ಆದರೆ ಬೆಂಕಿಪೊಟ್ಟಣ, ಚಾಕು, ಸಿಗ್ನಲ್ ಕನ್ನಡಿ, ಸೊಳ್ಳೆಪರದೆ, ಉಪಗ್ರಹಕ್ಕೆ ಸುದ್ದಿ ಕಳಿಸುವ ಬೀಕನ್ ಇಷ್ಟು ನಿಮ್ಮ ಜಾಕೆಟ್ಟಿನ ಜೇಬಿನಲ್ಲಿರಬೇಕು. ವಿಮಾನ ಮುಳುಗಿದರೆ ಅಥವಾ ಹೊತ್ತಿಕೊಂಡರೆ ಹಿಂದಿನ ಚೀಲಕ್ಕೆ ಕೈ ಹಾಕಲು ಆಗುವುದಿಲ್ಲ.