ಬದಲಿ ಪಿರಿಯಡ್ ಯಾರ ತಲೆಗೆ?

ಪ್ರಶ್ನೆ: ನಮ್ಮ ಶಾಲೆಯಲ್ಲಿ 12 ಸೆಕ್ಷನ್, 16 ಶಿಕ್ಷಕರು. ಒಂದೊಂದು ಸೆಕ್ಷನ್‌ಗೆ ವಾರಕ್ಕೆ 40 ಪಿರಿಯಡ್. ಎಲ್ಲರಿಗೂ ತಲಾ 30 ಹಂಚಿದ್ದೇನೆ. ಆದರೂ ಯಾರಾದರೂ ರಜೆ ಹಾಕಿದ ದಿನ ಬದಲಿ ಪಿರಿಯಡ್ ವಿಷಯಕ್ಕೆ ಸ್ಟಾಫ್ ರೂಮಿನಲ್ಲಿ ಮುನಿಸು. ಭಾಷಾ ಶಿಕ್ಷಕರಂತೂ ಹೊರೆ ಜಾಸ್ತಿ ಎಂದು ಗೊಣಗುತ್ತಲೇ ಇರುತ್ತಾರೆ. ಏನು ಮಾಡಲಿ?
– ಒಬ್ಬ ಮುಖ್ಯ ಶಿಕ್ಷಕಿ

ಉತ್ತರ: ಅವರ ಗೊಣಗಾಟದಲ್ಲಿ ನ್ಯಾಯವಿದೆ. 5 ಸೆಕ್ಷನ್, ತಲಾ 40 ಮಕ್ಕಳು ಎಂದರೆ ಭಾಷಾ ಶಿಕ್ಷಕರ ಮೇಜಿಗೆ ವಾರಕ್ಕೆ 200 ನೋಟ್‌ಬುಕ್ ಬರುತ್ತವೆ. ಒಂದಕ್ಕೆ 3 ನಿಮಿಷ ಹಿಡಿದರೂ 10 ಗಂಟೆ. ಅವರ 10 ಬಿಡುವಿನ ಪಿರಿಯಡ್‌ಗಳು, 40 ನಿಮಿಷದ ಲೆಕ್ಕದಲ್ಲಿ, 6 ಗಂಟೆ 40 ನಿಮಿಷ. ಮಿಕ್ಕಿದ್ದು ಮನೆಗೆ ಹೋಗುತ್ತದೆ. ಆಟದ ಶಿಕ್ಷಕರಿಗೂ ಅದೇ 30 ಪಿರಿಯಡ್. ತಿದ್ದುವುದಕ್ಕೆ ಒಂದು ಪುಸ್ತಕವೂ ಇಲ್ಲ.

ಆಟದವರಿಗೆ ವ್ಯಾಕರಣ ಹೇಳಿಕೊಡಿ ಎನ್ನಲಾಗದು. ಹಾಗಾಗಿ ಬದಲಿ ಪಿರಿಯಡ್‌ನಲ್ಲೇ ಸರಿದೂಗಿಸಿ. ಒಂದು ರಿಜಿಸ್ಟರ್ ಇಡಿ: ಹೆಸರು, ದಿನಾಂಕ, ಪಿರಿಯಡ್, ಈವರೆಗಿನ ಒಟ್ಟು. ಆ ಹೊತ್ತಿಗೆ ಬಿಡುವಿರುವವರಲ್ಲಿ ಒಟ್ಟು ಯಾರದು ಕಡಿಮೆಯೋ ಅವರೇ ಹೋಗಬೇಕು. ದಿನಕ್ಕೆ 1, ವಾರಕ್ಕೆ 2 ಮೀರಬಾರದು. ತಿದ್ದುವ ಹೊರೆ ಇರುವವರ ಖಾತೆಯನ್ನು ತಿಂಗಳ ಆರಂಭದಲ್ಲೇ 3ರಿಂದ ಶುರುಮಾಡಿ, ಅವರ ಸರದಿ ತಾನಾಗಿ ಹಿಂದೆ ಬೀಳುತ್ತದೆ. ರಿಜಿಸ್ಟರ್ ನಿಮ್ಮ ಬೀರುವಿನಲ್ಲಲ್ಲ, ಸ್ಟಾಫ್ ರೂಮಿನ ಮೇಜಿನ ಮೇಲಿರಲಿ. ಗುಟ್ಟಾಗಿಟ್ಟರೆ ನೀವು ಪಕ್ಷಪಾತಿ ಎನ್ನುವ ಮಾತು ಹೇಗೂ ಹುಟ್ಟುತ್ತದೆ.

ಹಾಜರಿ ಪುಸ್ತಕವನ್ನೂ ಒಮ್ಮೆ ತಿರುವಿ ಹಾಕಿ. ರಜೆಗಳು ಸೋಮವಾರ ಗುಂಪುಗೂಡಿದ್ದರೆ, ಸೋಮವಾರ ಬಿಡುವು ಹೆಚ್ಚಿರುವವರೇ ಪ್ರತಿ ಸಲ ಸಿಕ್ಕಿಬೀಳುತ್ತಾರೆ. ಅದು ವೇಳಾಪಟ್ಟಿಯ ತಪ್ಪು; ಅವರ ಬಿಡುವನ್ನು ಬೇರೆ ದಿನಗಳಿಗೆ ಹರಡಿ.

ಇನ್ನೊಂದು: ಪ್ರತಿ ಶಿಕ್ಷಕರೂ ತಮ್ಮ ಒಂದೊಂದು ತರಗತಿಗೂ 2 ಪಿರಿಯಡ್‌ಗಾಗುವಷ್ಟು ಅಭ್ಯಾಸ ಹಾಳೆಗಳನ್ನು ಫೈಲಿನಲ್ಲಿಟ್ಟಿರಲಿ. ಕೈಯಲ್ಲಿ ಕೆಲಸವಿಲ್ಲದೆ 40 ಮಕ್ಕಳನ್ನು ಸುಮ್ಮನೆ ಕೂರಿಸುವುದೇ ಬದಲಿ ಪಿರಿಯಡ್‌ನ ನಿಜವಾದ ಶಿಕ್ಷೆ.

ಪ್ರಶ್ನೆ: ಹೊಸದಾಗಿ ಸೇರಿದ ಶಿಕ್ಷಕರು ವರ್ಷ ತುಂಬುವ ಮೊದಲೇ ಬಿಟ್ಟು ಹೋಗುತ್ತಾರೆ. ಕಾರಣವೇನು?
– ಆಡಳಿತ ಮಂಡಳಿ ಸದಸ್ಯರೊಬ್ಬರು

ಉತ್ತರ: ಹಳಬರು ಬೇಡವೆಂದ ತರಗತಿಗಳನ್ನೆಲ್ಲ ಹೊಸಬರಿಗೆ ದಾಟಿಸಿದ್ದೀರಾ, ಮೊದಲು ನೋಡಿ. ಮೊದಲ ಅವಧಿಯಲ್ಲಿ ವಾರಕ್ಕೆ 4 ಪಿರಿಯಡ್ ಕಡಿಮೆ ಕೊಡಿ. ಅದೇ ವಿಷಯದ ಅನುಭವಿಯೊಬ್ಬರನ್ನು ಜೊತೆಗೆ ಹಾಕಿ. ಹೊಸಬರ ಮೌಲ್ಯಮಾಪನ ಬರೆಯುವವರು ಮಾತ್ರ ಆ ಜಾಗಕ್ಕೆ ಬೇಡ, ಅವರೆದುರು ಯಾರೂ ಕಷ್ಟ ಬಾಯಿಬಿಡುವುದಿಲ್ಲ. ಆರನೇ ವಾರದಲ್ಲಿ ಕೂರಿಸಿಕೊಂಡು ಯಾವ ತರಗತಿ ಕೈಮೀರುತ್ತಿದೆ ಎಂದು ಕೇಳಿ. ರಾಜೀನಾಮೆ ಪತ್ರ ಬಂದ ಮೇಲೆ ಸಿಗುವ ಉತ್ತರ ಬಹುಪಾಲು 'ವೈಯಕ್ತಿಕ ಕಾರಣ' ಅಷ್ಟೇ.