ತಿಂಡಿ ಹೋಟೆಲ್ ಶುರು ಮಾಡುವ ಮೊದಲು ಬೇರೆ ಹೋಟೆಲ್‌ಗಳ ಕೆಲಸ ನೋಡಿ ಕಲಿಯಬಹುದಾ? ಒಳಗೆ ಬಿಡುತ್ತಾರಾ?

ಬೆಂಗಳೂರಿನ ಜಯನಗರದಲ್ಲಿ ಸಣ್ಣದೊಂದು ತಿಂಡಿ ಹೋಟೆಲ್ ಹಾಕಬೇಕು ಅಂತಿದ್ದೀರಿ, ಅಲ್ವಾ? ಖಂಡಿತ ನೋಡಿ ಕಲಿಯಿರಿ. ಹೋಗುವ ಹೊತ್ತು, ಕೇಳುವ ಪ್ರಶ್ನೆ ಸರಿ ಇದ್ದರೆ ಒಳಗೂ ಬಿಡುತ್ತಾರೆ. ನಾನೂ ಹೀಗೇ ಕಲಿತವನು.

ಬೆಂಗಳೂರಿನ ಹಳೆಯ ಹೋಟೆಲ್ ಎಂಟಿಆರ್‌ನ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿಗೆ ಹೋಗಿ ಅಲ್ಲಿನ ಹೋಟೆಲ್‌ಗಳು ಹೇಗೆ ನಡೆಯುತ್ತವೆ ಅಂತ ನೋಡಿಕೊಂಡು ಬಂದರು. ಬಂದ ಮೇಲೆ ತಟ್ಟೆ, ಲೋಟಗಳನ್ನು ಹಬೆಯಲ್ಲಿ ಶುದ್ಧ ಮಾಡುವ ಪದ್ಧತಿ ತಂದರು. ಅಷ್ಟು ದೂರ ಹೋದವರ ಕಣ್ಣು ಬಿದ್ದದ್ದು ಶುಚಿತನದ ಮೇಲೆ. ನೀವೂ ಎಲ್ಲಿಗೇ ಹೋದರೂ ಮೊದಲು ತಟ್ಟೆ ತೊಳೆಯುವ ಜಾಗ ನೋಡಿ.

ಬೆಳಿಗ್ಗೆ ರಶ್ ಇರುವಾಗ ಪ್ರಶ್ನೆ ಬೇಡ. ಸುಮ್ನೆ ಒಂದು ಕಾಫಿ ಹಿಡಿದು ಕಾವಲಿ ಕಾಣುವ ಕಡೆ ನಿಂತುಕೊಳ್ಳಿ. ನಿಮ್ಮ ಜಯನಗರದಲ್ಲೇ 1983ರಲ್ಲಿ ಕೆಫೆ ದರ್ಶಿನಿ ಶುರುವಾಯಿತು. ಆ ಥರದ ನಿಂತು ತಿನ್ನುವ ಹೋಟೆಲ್‌ಗಳಲ್ಲಿ ಅರ್ಧ ಕೆಲಸ ಗಿರಾಕಿ ಎದುರಿಗೇ ನಡೆಯುತ್ತದೆ. ದೋಸೆ ಭಟ್ಟರು ಕಾವಲಿಗೆ ನೀರು ಚಿಮುಕಿಸಿ, ಕಡ್ಡಿ ಪೊರಕೆಯಿಂದ ಗುಡಿಸಿ, ಸಾಲಾಗಿ ಹಿಟ್ಟು ಹುಯ್ಯುತ್ತಾರೆ. ಟೋಕನ್ ಎರಡೇ ಬಂದಿದ್ದರೂ ಸಾಲು ಪೂರ್ತಿ! ಉಳಿದ ದೋಸೆ ಬೇಯುವಷ್ಟರಲ್ಲಿ ಗಿರಾಕಿ ಬಂದೇ ಬರುತ್ತಾರೆ ಅನ್ನುವ ಲೆಕ್ಕ ಅದು. ಎಷ್ಟು ಹೊತ್ತಿಗೆ ಅವರು ಟೋಕನ್ ನೋಡಿಕೊಂಡು ಹುಯ್ಯಲು ಶುರು ಮಾಡುತ್ತಾರೆ ಗಮನಿಸಿ. ಅಲ್ಲಿಗೆ ಬೆಳಗಿನ ವ್ಯಾಪಾರ ಇಳಿಯಿತು ಅಂತ.

ಮಾತಾಡಲು ಮಧ್ಯಾಹ್ನ ಮೂರರ ಮೇಲೆ ಹೋಗಿ. ಊಟದ ಗಲಾಟೆ ಮುಗಿದಿರುತ್ತದೆ, ಯಜಮಾನರು ಗಲ್ಲಾದಲ್ಲಿ ಆರಾಮಾಗಿ ಕೂತಿರುತ್ತಾರೆ. ಸಾಂಬಾರಿಗೆ ಏನು ಹಾಕುತ್ತೀರಿ ಅಂತ ಮಾತ್ರ ಕೇಳಬೇಡಿ. ಅದು ಅವರ ಅನ್ನ. "ಸಾರ್, ನಾಳೆಗೆ ಎಷ್ಟು ಅಕ್ಕಿ ನೆನೆಹಾಕಬೇಕು ಅಂತ ಹೇಗೆ ಗೊತ್ತಾಗುತ್ತೆ?" ಅಂತ ಕೇಳಿ. ನಾನು ಹೀಗೆ ಕೇಳಿದ್ದಕ್ಕೆ ಬಸವನಗುಡಿಯ ಒಬ್ಬ ಯಜಮಾನರು ರುಬ್ಬುವ ಕೋಣೆಗೇ ಕರೆದುಕೊಂಡು ಹೋದರು. ಶಾಲೆಗೆ ರಜೆ ಅಂದರೆ ಅಕ್ಕಿ ಕಡಿಮೆ, ಭಾನುವಾರ ಜಾಸ್ತಿ. ಡಿಸೆಂಬರ್ ಚಳಿಗೆ ಹಿಟ್ಟು ಬೇಗ ಉಬ್ಬುವುದಿಲ್ಲ, ಹಾಗಾಗಿ ರುಬ್ಬುವುದನ್ನು ಮುಂಚೆಯೇ ಮುಗಿಸುತ್ತಾರೆ. ಬೇಸಿಗೆಯಲ್ಲಿ ತಡ ಮಾಡುತ್ತಾರೆ, ಇಲ್ಲದಿದ್ದರೆ ಬೆಳಗಾಗುವಷ್ಟರಲ್ಲಿ ಹುಳಿ. ಉಳಿದ ಹಿಟ್ಟು, ಉಳಿದ ಪಲ್ಯ ಏನಾಗುತ್ತದೆ ಅಂತಲೂ ಕೇಳಿ. ಲಾಭ ಸೋರುವುದು ಅಲ್ಲೇ.

ಎಫ್‌ಎಸ್‌ಎಸ್‌ಎಐ ಅಂದರೆ ಆಹಾರ ಸುರಕ್ಷತೆಯ ಲೈಸೆನ್ಸ್, ಪಾಲಿಕೆಯ ಟ್ರೇಡ್ ಲೈಸೆನ್ಸ್ ಇವೆಲ್ಲ ಗೋಡೆ ಮೇಲೇ ತೂಗುಹಾಕಿರುತ್ತಾರೆ, ನೋಡಿ ಬರೆದುಕೊಂಡರೆ ಆಯಿತು.

ಹೋದಲ್ಲೆಲ್ಲ ತಿಂದು ದುಡ್ಡು ಕೊಡಿ. ಕೇಳದೆ ಫೋಟೋ ತೆಗೆಯಬೇಡಿ. ನಾನೂ ಹೋಟೆಲ್ ಹಾಕುತ್ತಿದ್ದೇನೆ ಅಂತ ಮೊದಲೇ ಹೇಳಿಬಿಡಿ. ಪಕ್ಕದ ರಸ್ತೆಯವರು ಹಿಂಜರಿಯಬಹುದು. ಮಲ್ಲೇಶ್ವರ, ರಾಜಾಜಿನಗರದ ಕಡೆ ಹೋಗಿ ಕೇಳಿ, ಅವರಿಗೆ ನಿಮ್ಮಿಂದ ಪೈಪೋಟಿ ಇಲ್ಲ, ಮನಸ್ಸು ಬಿಚ್ಚಿ ಮಾತಾಡುತ್ತಾರೆ.