ಬ್ರಿಟನ್ ಹೊರಬಂತು, ನಾವೂ ಬರೋಣವೇ?

ಓದುಗರ ಪತ್ರ: "ಸಂಪಾದಕರೇ, ತೀರ್ಥಹಳ್ಳಿ ತಾಲೂಕಿನಲ್ಲಿ ನಮ್ಮದು ಎರಡೂವರೆ ಎಕರೆ ಅಡಿಕೆ ತೋಟ. ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿದ್ದೇವೆ. ಎಲೆಚುಕ್ಕಿ ರೋಗಕ್ಕೆ ಔಷಧಿ ಹೊಡೆದು ಹೊಡೆದು ಸಾಕಾಗಿದೆ. ಇಷ್ಟು ಕಷ್ಟಪಟ್ಟು ಬೆಳೆದದ್ದನ್ನು ಮಂಡಿಗೆ ಒಯ್ದರೆ, ಹೊರದೇಶದ ಅಡಿಕೆ ಬಂದಿದೆ ಅಂತ ಧಾರಣೆ ಇಳಿಸುತ್ತಾರೆ. ಶ್ರೀಲಂಕಾ ಜೊತೆಗಿನ ವ್ಯಾಪಾರ ಒಪ್ಪಂದ, ಸಾರ್ಕ್ ದೇಶಗಳ ಒಪ್ಪಂದ ಎಲ್ಲ ಬಿಟ್ಟು ಹೊರಬಂದರೆ ಆಯಿತು, ಅಲ್ವಾ? ಬ್ರಿಟನ್ ಯುರೋಪಿನ ಒಕ್ಕೂಟದಿಂದ ಹೊರಬರಲಿಲ್ಲವೇ? ಅವರೇನು ಮುಳುಗಿ ಹೋದರೇ? ನನ್ನ ಹೆಸರು ಹಾಕಬೇಡಿ."

ನಮಸ್ಕಾರ. ನಿಮ್ಮ ಪತ್ರವನ್ನು ಕಚೇರಿಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ನಮ್ಮಲ್ಲಿ ಅರ್ಧ ಜನ ಅಡಿಕೆ ಸುಲಿಯುತ್ತಾ ಬೆಳೆದವರು. ಧಾರಣೆ ಇಳಿದ ವರ್ಷ ಮನೆಯಲ್ಲಿ ಮಾತು ಕಡಿಮೆಯಾಗುವುದು ನಮಗೂ ಗೊತ್ತು.

ಬ್ರಿಟನ್ ಮುಳುಗಲಿಲ್ಲ. ಆದರೆ ಹೊರಬಂದರೆ ಸಿಗುತ್ತದೆ ಎಂದು ಹೇಳಿದ್ದರಲ್ಲಿ ಹೆಚ್ಚಿನದು ಸಿಗಲಿಲ್ಲ. ಪೆಟ್ಟು ಜಾಸ್ತಿ ಬಿದ್ದದ್ದು ನಿಮ್ಮಂತಹ ಸಣ್ಣವರಿಗೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಬ್ರಿಟನ್ ಆ ಕೂಟಕ್ಕೆ ಸೇರಿದ್ದು 1973ರ ಜನವರಿ 1ರಂದು. 2016ರ ಜೂನ್ 23ರಂದು ಜನಮತ ಕೇಳಿದಾಗ 100ಕ್ಕೆ 52 ಜನ ಬಿಡೋಣ ಎಂದರು, 48 ಜನ ಇರೋಣ ಎಂದರು. ಕಾಗದದ ಮೇಲೆ ಹೊರಬಂದದ್ದು 2020ರ ಜನವರಿ 31ರಂದು. ಬಂದರುಗಳಿಗೆ, ಅಂಗಡಿಗಳಿಗೆ ಅದು ತಟ್ಟಿದ್ದು 2021ರ ಜನವರಿ 1ರಿಂದ. ಆದರೆ ಹಣದ ಮಾರುಕಟ್ಟೆ ಅಷ್ಟು ದಿನ ಕಾಯಲಿಲ್ಲ. ಮತ ಎಣಿಸಿದ ರಾತ್ರಿಯೇ ಪೌಂಡ್ ಬೆಲೆ 1.50 ಡಾಲರಿನಿಂದ 1.33ರ ಕೆಳಗೆ ಬಿತ್ತು. 30 ವರ್ಷಗಳಲ್ಲಿ ಅಷ್ಟು ಕೆಳಗೆ ಹೋಗಿರಲಿಲ್ಲ. ಹೊರಗಿನಿಂದ ಆಹಾರ ತರಿಸಿಕೊಳ್ಳುವ ದೇಶ ಅದು. ತಿನ್ನುವ ವಸ್ತುಗಳ ಬೆಲೆ ಏರಿತು.

ಈಗ ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ಹೊರಬಂದ ಮೇಲೆ ಯುರೋಪಿನವರು ಬ್ರಿಟನ್ನಿನ ಸರಕಿಗೆ ಸುಂಕ ಹಾಕಿದರು ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ, 2020ರ ಕೊನೆಯಲ್ಲಿ ಆದ ಒಪ್ಪಂದದಲ್ಲಿ ಸುಂಕ ಸೊನ್ನೆ. ಹಾಗಾದರೆ ತೊಂದರೆ ಎಲ್ಲಿಂದ ಬಂತು? ಕಾಗದದಿಂದ. ಮೊದಲು ಸ್ಕಾಟ್ಲೆಂಡಿನಲ್ಲಿ ಹಿಡಿದ ಮೀನು ಮಾರನೇ ದಿನ ಫ್ರಾನ್ಸಿನ ಮಾರುಕಟ್ಟೆಯಲ್ಲಿರುತ್ತಿತ್ತು, ನಡುವೆ ಕೇಳುವವರಿರಲಿಲ್ಲ. 2021ರ ಜನವರಿಯಿಂದ ಕಸ್ಟಮ್ಸ್ ಅರ್ಜಿ ಬೇಕು, ಆರೋಗ್ಯದ ಪ್ರಮಾಣಪತ್ರ ಬೇಕು, ಮಾಲು ಹುಟ್ಟಿದ್ದು ಇಲ್ಲೇ ಎಂಬುದಕ್ಕೆ ದಾಖಲೆ ಬೇಕು. ಲಾರಿ ತುಂಬ ಒಂದೇ ಮಾಲು ಕಳಿಸುವ ದೊಡ್ಡ ಕಂಪನಿಗೆ ಇದು ಒಬ್ಬ ಗುಮಾಸ್ತನ ಕೆಲಸ. ಆದರೆ ಹತ್ತು ಜನ ಸಣ್ಣ ಮೀನುಗಾರರು ಸೇರಿ ಒಂದೇ ಲಾರಿಗೆ ಹೇರಿದರೆ, ಹತ್ತು ಜನರ ಕಾಗದವೂ ಸರಿ ಇರಬೇಕು. ಒಂದರಲ್ಲಿ ತಪ್ಪಾದರೆ ಇಡೀ ಲಾರಿ ನಿಲ್ಲುತ್ತದೆ, ಮೀನು ಕೆಡುತ್ತದೆ. ಆ ತಿಂಗಳೇ ಸ್ಕಾಟ್ಲೆಂಡಿನ ಮೀನು ವ್ಯಾಪಾರಿಗಳು ಲಾರಿಗಳನ್ನು ಲಂಡನ್ನಿಗೆ ತಂದು ಪಾರ್ಲಿಮೆಂಟಿನ ಹತ್ತಿರ ನಿಲ್ಲಿಸಿದರು.

ಇನ್ನೂ ಕೆಟ್ಟದ್ದು ಚಿಪ್ಪು ಆರಿಸಿ ಬದುಕುವವರಿಗೆ ಆಯಿತು. ನಮ್ಮ ಕರಾವಳಿಯವರು ಮರುವಾಯಿ ಎನ್ನುತ್ತಾರಲ್ಲ, ಆ ಬಗೆಯವು. ಬ್ರಿಟನ್ನಿನ ಎಷ್ಟೋ ಕಡೆ ಅವನ್ನು ಶುದ್ಧ ನೀರಿನಲ್ಲಿಟ್ಟು ತೊಳೆದ ಮೇಲೆಯೇ ತಿನ್ನಬೇಕು. ಒಕ್ಕೂಟದ ಒಳಗಿದ್ದಾಗ ಜೀವಂತವಾಗಿ ಕಳಿಸಿದರೆ ಅತ್ತ ಕಡೆಯವರೇ ತೊಳೆದುಕೊಳ್ಳುತ್ತಿದ್ದರು. ಹೊರಗಿನ ದೇಶದಿಂದ ತೊಳೆಯದ ಜೀವಂತ ಚಿಪ್ಪು ತರುವಂತಿಲ್ಲ ಎನ್ನುವುದು ಯುರೋಪಿನ ಹಳೆಯ ನಿಯಮ. ಅದನ್ನು ಯಾರೂ ಬ್ರಿಟನ್ನಿಗೆಂದು ಹೊಸದಾಗಿ ಬರೆಯಲಿಲ್ಲ. ಬ್ರಿಟನ್ನೇ ಹೊರಗಿನ ದೇಶವಾಯಿತು, ಅಷ್ಟೇ. ಸಮುದ್ರ ಅದೇ, ಚಿಪ್ಪು ಅದೇ, ಮಾರುಕಟ್ಟೆ ಮಾತ್ರ ಮುಚ್ಚಿತು. ಹೊರಬಂದರೆ ನಮ್ಮ ಸಮುದ್ರ ನಮ್ಮದಾಗುತ್ತದೆ ಎಂದು ಅತಿ ಹೆಚ್ಚು ಆಸೆ ಪಟ್ಟವರೇ ಮೀನುಗಾರರು. ಇದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಕುರಿ ಸಾಕುವವರ ಕಥೆ ನಿಮ್ಮ ಪ್ರಶ್ನೆಗೆ ಇನ್ನೂ ಹತ್ತಿರ. ಬ್ರಿಟನ್ನಿನ ಭಾಗವಾದ ವೇಲ್ಸಿನ ಗುಡ್ಡಗಳು ನಮ್ಮ ಮಲೆನಾಡಿನ ಹಾಗೇ ಮಳೆಯ ಸೀಮೆ. ಅಲ್ಲಿಯೂ ಹೆಚ್ಚು ಮತ ಬಿದ್ದದ್ದು ಹೊರಬರಲಿಕ್ಕೇ. ಒಕ್ಕೂಟದ ಒಳಗಿದ್ದಾಗ ನ್ಯೂಜಿಲೆಂಡಿನ ಕುರಿಮಾಂಸ ಇಷ್ಟೇ ಬರಬೇಕು ಎಂಬ ಮಿತಿ ಅವರನ್ನು ಕಾಯುತ್ತಿತ್ತು. ಹೊರಬಂದ ಸರ್ಕಾರಕ್ಕೆ ಬೇಗ ಹೊಸ ಒಪ್ಪಂದಗಳನ್ನು ತೋರಿಸಬೇಕಿತ್ತು. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಜೊತೆ ಸಹಿ ಹಾಕಿದರು. 2023ರ ಮೇ 31ರಿಂದ ಅವು ಜಾರಿಗೆ ಬಂದವು. ಕುರಿ, ದನದ ಮಾಂಸದ ಮೇಲಿನ ಮಿತಿಗಳು ವರ್ಷ ವರ್ಷ ಸಡಿಲವಾಗುತ್ತಿವೆ. ಮಾತುಕತೆಯ ಕಾಲದಲ್ಲಿ ಕೃಷಿ ಖಾತೆ ನೋಡುತ್ತಿದ್ದ ಜಾರ್ಜ್ ಯೂಸ್ಟಿಸ್ ಅವರು ಆಸ್ಟ್ರೇಲಿಯಾದ ಒಪ್ಪಂದ ನಮಗೆ ಒಳ್ಳೆಯದೇನಲ್ಲ ಎಂದು 2022ರ ನವೆಂಬರಿನಲ್ಲಿ ಪಾರ್ಲಿಮೆಂಟಿನಲ್ಲೇ ಒಪ್ಪಿಕೊಂಡರು. ಆಗ ಅವರು ಮಂತ್ರಿಯಾಗಿರಲಿಲ್ಲ. ಒಂದು ಬೇಲಿ ಕಿತ್ತರೆ ನಮಗೆ ಬೇಕಾದ ಕಡೆಯೇ ಹೊಸ ಬೇಲಿ ಏಳುತ್ತದೆ ಎಂದು ನಂಬುವಂತಿಲ್ಲ. ಹೊಸ ಬೇಲಿ ಎಲ್ಲಿ ಎಂದು ಹೇಳುವವರು ಬೇರೆ, ಆ ಹೊತ್ತಿಗೆ ಅವರ ಅವಸರವೂ ಬೇರೆ.

ಒಟ್ಟು ನಷ್ಟ ಎಷ್ಟು? ಸರ್ಕಾರದ ಲೆಕ್ಕವನ್ನು ಸ್ವತಂತ್ರವಾಗಿ ನೋಡುವ ಅಲ್ಲಿನ ಬಜೆಟ್ ಕಚೇರಿಯ ಅಂದಾಜಿನಂತೆ, ಒಳಗೇ ಇದ್ದಿದ್ದರೆ ಇರುತ್ತಿದ್ದ ಉತ್ಪಾದಕತೆಗಿಂತ ದೀರ್ಘಾವಧಿಯಲ್ಲಿ ಶೇ. 4ರಷ್ಟು ಕಡಿಮೆ. ಕೊರೊನಾ, ಉಕ್ರೇನ್ ಯುದ್ಧ ಎರಡೂ ಅದೇ ಕಾಲಕ್ಕೆ ಬಂದದ್ದರಿಂದ ಬಿಡಿಸಿ ಲೆಕ್ಕ ಹಾಕುವುದು ಕಷ್ಟ. ಆದರೂ ಈ ಅಂದಾಜು ಸರಿಯಾಗಿಯೇ ಇದೆ ಎಂದು ನನಗನ್ನಿಸುತ್ತದೆ. ನಷ್ಟ ಒಂದೇ ದಿನ ಆಗಲಿಲ್ಲ. ಕೊಳೆ ರೋಗದ ಹಾಗೆ ರಾತ್ರೋರಾತ್ರಿ ಕಾಯಿ ಉದುರುವುದು ಬೇರೆ, ವರ್ಷ ವರ್ಷ ಫಸಲು ಸ್ವಲ್ಪ ಸ್ವಲ್ಪ ಇಳಿಯುವುದು ಬೇರೆ. ಇದು ಎರಡನೆಯದು.

ಇನ್ನು ರಾಜಕೀಯ. ಹೊರಬರುವ ಷರತ್ತುಗಳನ್ನು ಆಗಿನ ಪ್ರಧಾನಿ ತೆರೇಸಾ ಮೇ 2019ರ ಜನವರಿಯಲ್ಲಿ ಪಾರ್ಲಿಮೆಂಟಿನ ಮುಂದಿಟ್ಟಾಗ 230 ಮತಗಳಿಂದ ಸೋತರು. ಬಿಡುವುದು ಎಂದು ತೀರ್ಮಾನ ಆಗಿತ್ತು, ಹೇಗೆ ಬಿಡುವುದು ಎಂದು ಯಾರೂ ಜನರನ್ನು ಕೇಳಿರಲಿಲ್ಲ. ಕ್ಯಾಮರೂನ್, ಮೇ, ಜಾನ್ಸನ್, ಟ್ರಸ್, ಸುನಾಕ್, ಆಮೇಲೆ ಸ್ಟಾರ್ಮರ್: ಎಂಟು ವರ್ಷದಲ್ಲಿ ಆರು ಪ್ರಧಾನಿಗಳು. ಹೊರಬರುವುದನ್ನು ಮುಗಿಸುತ್ತೇವೆ ಎಂದು 2019ರ ಡಿಸೆಂಬರಿನಲ್ಲಿ ಭಾರೀ ಬಹುಮತ ಪಡೆದ ಪಕ್ಷ 2024ರ ಜುಲೈನಲ್ಲಿ 121 ಸ್ಥಾನಕ್ಕೆ ಇಳಿಯಿತು. ಅದಕ್ಕೆ ಬೇರೆ ಕಾರಣಗಳೂ ಇದ್ದವು, ನಿಜ. ವಲಸೆ ಕಡಿಮೆಯಾಗುತ್ತದೆ ಎಂದಿದ್ದರು. ಯುರೋಪಿನಿಂದ ಬರುವವರು ಕಡಿಮೆಯಾದರು, ಭಾರತ ಮತ್ತು ಬೇರೆ ಕಡೆಗಳಿಂದ ಬರುವವರು ಜಾಸ್ತಿಯಾದರು.

ಐರ್ಲೆಂಡಿನ ವಿಷಯವನ್ನು ಬಿಡಲಾರೆ. ನಮ್ಮ ಮನೆಯಲ್ಲಿ ಹಿಸ್ಸೆಯಾದಾಗ ನಾನು ಹುಡುಗ. ತೋಟ ಸಮಪಾಲು ಆಯಿತು. ಆದರೆ ನಮ್ಮ ಪಾಲಿನ ತೋಟಕ್ಕೆ ಹೋಗುವ ದಾರಿ ದೊಡ್ಡಪ್ಪನ ಅಂಗಳದಲ್ಲೇ ಉಳಿಯಿತು. ಅಡಿಕೆ ಕೊನೆ ಹೊರುವಾಗಲೆಲ್ಲ ಮಾತಿಗೆ ಮಾತು ಬೆಳೆಯಿತು. ಉತ್ತರ ಐರ್ಲೆಂಡ್ ಬ್ರಿಟನ್ನಿನದು, ಉಳಿದ ಐರ್ಲೆಂಡ್ ಬೇರೆ ದೇಶ, ಯುರೋಪಿನ ಒಕ್ಕೂಟದಲ್ಲಿದೆ. ನಡುವಿನ ಗಡಿ ಸುಮಾರು 500 ಕಿಲೋಮೀಟರ್. 3,500ಕ್ಕೂ ಹೆಚ್ಚು ಜನ ಸತ್ತ ಮೂರು ದಶಕಗಳ ಹಿಂಸೆಯ ನಂತರ 1998ರ ಒಪ್ಪಂದದಿಂದ ಅಲ್ಲಿ ಶಾಂತಿ ಬಂತು. ಆ ಗಡಿಯಲ್ಲಿ ಮತ್ತೆ ಚೆಕ್‌ಪೋಸ್ಟ್ ಹಾಕುವ ಧೈರ್ಯ ಯಾರಿಗೂ ಇರಲಿಲ್ಲ. ಹಾಗಾಗಿ ತಪಾಸಣೆಯನ್ನು ಸಮುದ್ರದ ಕಡೆಗೆ ತಂದರು. ಒಂದೇ ದೇಶದ ಎರಡು ಭಾಗಗಳ ನಡುವೆ ಸರಕಿಗೆ ಕಾಗದ ಕೇಳುವಂತಾಯಿತು. ಸಿಟ್ಟಾದ ಅಲ್ಲಿನ ಒಂದು ದೊಡ್ಡ ಪಕ್ಷ 2022ರ ಫೆಬ್ರವರಿಯಿಂದ ಎರಡು ವರ್ಷ ಸರ್ಕಾರದಲ್ಲಿ ಕೂರಲಿಲ್ಲ, ವಿಧಾನಸಭೆಯ ಕೆಲಸವೂ ನಿಂತುಹೋಯಿತು.

ಹೊರಬಂದದ್ದರಿಂದ ಏನೂ ಸಿಗಲಿಲ್ಲ ಎಂದರೆ ತಪ್ಪಾಗುತ್ತದೆ. ತಮ್ಮ ಒಪ್ಪಂದ ತಾವೇ ಮಾಡಿಕೊಳ್ಳುವ ಹಕ್ಕು ಸಿಕ್ಕಿತು. 2025ರ ಜುಲೈ 24ರಂದು ಭಾರತದ ಜೊತೆ ಸಹಿ ಹಾಕಿದ್ದು ಆ ಹಕ್ಕಿನಿಂದಲೇ. ಗ್ರೀನ್‌ಲ್ಯಾಂಡ್ ಕೂಡ ಮೀನಿನ ಕಾರಣಕ್ಕೆ 1985ರಲ್ಲಿ ಇದೇ ಕೂಟ ಬಿಟ್ಟಿತ್ತು. ಅದಕ್ಕೆ ಅಷ್ಟೇನೂ ಕಷ್ಟವಾಗಲಿಲ್ಲ. ಐವತ್ತು-ಅರವತ್ತು ಸಾವಿರ ಜನರ ನಾಡು, ಮಾರುವುದು ಹೆಚ್ಚಾಗಿ ಮೀನೊಂದನ್ನೇ.

ಈಗ ನಮ್ಮ ಅಡಿಕೆ. ಏಷ್ಯಾ-ಪೆಸಿಫಿಕ್ ಕಡೆಯ 15 ದೇಶಗಳು ಸೇರಿದ ಆರ್‌ಸಿಇಪಿ ಎಂಬ ವ್ಯಾಪಾರ ಒಪ್ಪಂದಕ್ಕೆ ಭಾರತ 2019ರ ನವೆಂಬರಿನಲ್ಲಿ ಒಲ್ಲೆ ಎಂದಿತು. ಹಾಲು, ಅಡಿಕೆ, ಮೆಣಸು ಬೆಳೆಯುವ ಜನರ ಭಯ ಆ ತೀರ್ಮಾನದ ಹಿಂದೆ ಇತ್ತು. ಅದು ಸರಿಯೆಂದೇ ನನ್ನ ಅಭಿಪ್ರಾಯ. ಆದರೆ ಸೇರದೇ ಇರುವುದು ಬೇರೆ, 20-25 ವರ್ಷ ವ್ಯವಹಾರ ಮಾಡಿ ಎದ್ದು ಬರುವುದು ಬೇರೆ. ಶ್ರೀಲಂಕಾ ಜೊತೆಗಿನ ಒಪ್ಪಂದ 2000ದಿಂದ ನಡೆಯುತ್ತಿದೆ, ಸಾರ್ಕ್ ದೇಶಗಳದ್ದು 2006ರಿಂದ. ನಮ್ಮ ಬೈಕು, ಔಷಧಿ, ಬಟ್ಟೆ ಅತ್ತ ಹೋಗುತ್ತವೆ. ನಾವು ಎದ್ದರೆ ಅವರೂ ತಮ್ಮ ಬಾಗಿಲು ಹಾಕುತ್ತಾರೆ.

ಅದಕ್ಕಿಂತ ದೊಡ್ಡ ಮಾತು ಇದು: ನಿಮ್ಮ ಧಾರಣೆ ಇಳಿಸುವ ಅಡಿಕೆ ಎಲ್ಲವೂ ಒಪ್ಪಂದದ ಬಾಗಿಲಿನಿಂದ ಬರುತ್ತಿಲ್ಲ. ಮ್ಯಾನ್ಮಾರ್ ಕಡೆಯಿಂದ ಮಿಜೋರಾಂ ದಾರಿಯಲ್ಲಿ ಬರುವುದು ಕಳ್ಳಸಾಗಣೆ. ಯಾವ ಒಪ್ಪಂದ ಬಿಟ್ಟರೂ ಅದು ನಿಲ್ಲುವುದಿಲ್ಲ. ಭೂತಾನಿನಿಂದ 17,000 ಟನ್ ಹಸಿ ಅಡಿಕೆಗೆ, ಇಷ್ಟಕ್ಕಿಂತ ಅಗ್ಗವಾಗಿ ತರಿಸಬಾರದು ಎಂಬ ಕನಿಷ್ಠ ಬೆಲೆಯ ಷರತ್ತು ಬೇಡ ಎಂದು 2022ರಲ್ಲಿ ಬಿಟ್ಟುಕೊಟ್ಟದ್ದು ನಮ್ಮದೇ ಸರ್ಕಾರ. ಬೇರೆ ದೇಶದ ಅಡಿಕೆಯನ್ನು ಶ್ರೀಲಂಕಾದ್ದು ಎಂದು ಕಾಗದ ಮಾಡಿಸಿ ಸುಂಕವಿಲ್ಲದೆ ಇಳಿಸುವುದು ಒಪ್ಪಂದದ ದುರುಪಯೋಗ. ಅದಕ್ಕೆ ಕಾನೂನು ಈಗಲೇ ಇದೆ. 2020ರ ಸೆಪ್ಟೆಂಬರಿನಿಂದ, ಮಾಲು ಹುಟ್ಟಿದ್ದು ಎಲ್ಲಿ ಎಂಬ ವಿವರವನ್ನು ಆಮದು ಮಾಡುವವನೇ ಇಟ್ಟುಕೊಳ್ಳಬೇಕು, ಕಸ್ಟಮ್ಸ್‌ನವರು ಕೇಳಿದರೆ ತೋರಿಸಬೇಕು. ಕಿಲೋಗೆ 251 ರೂಪಾಯಿ ಇದ್ದ ಅಡಿಕೆಯ ಕನಿಷ್ಠ ಆಮದು ಬೆಲೆ 2023ರ ಫೆಬ್ರವರಿಯಲ್ಲಿ 351 ಆಯಿತು. ಅದು ಆದದ್ದು ಬೆಳೆಗಾರರು ಬಿಡದೆ ಕೇಳಿದ್ದರಿಂದ. ಯಾವ ಒಪ್ಪಂದವನ್ನೂ ಬಿಡಬೇಕಾಗಲಿಲ್ಲ.

ಹೀಗಾಗಿ ಹೊರಬನ್ನಿ ಎಂಬ ಕೂಗಿಗೆ ನಾನು ದನಿಗೂಡಿಸಲಾರೆ. ಬಂದರಿನಲ್ಲಿ ಎಷ್ಟು ಮಾಲು ತಪಾಸಣೆ ಆಯಿತು, ಎಷ್ಟು ವಾಪಸ್ ಹೋಯಿತು, ಗಡಿಯಲ್ಲಿ ಹಿಡಿದ ಅಡಿಕೆ ಏನಾಯಿತು ಎಂದು ನಮ್ಮ ಸಂಸದರು ದೆಹಲಿಯಲ್ಲಿ ಕೇಳಬೇಕು, ಪ್ರತಿ ಅಧಿವೇಶನದಲ್ಲೂ ಕೇಳಬೇಕು. ಅದಕ್ಕೆ ನಿಮ್ಮಿಂದ ಒಂದು ಸಹಾಯ ಬೇಕು. ಮಂಡಿಯಲ್ಲಿ ಧಾರಣೆ ಇಳಿಸಿದ ದಿನ ಯಾವುದು, ಯಾವ ದೇಶದ ಅಡಿಕೆ ಬಂದಿದೆ ಎಂದು ಹೇಳಿದರು, ನಿಮ್ಮ ಅಡಿಕೆ ಯಾವ ಬಗೆ, ರಾಶಿಯೋ ಬೆಟ್ಟೆಯೋ, ಹಿಂದಿನ ವಾರಕ್ಕಿಂತ ಎಷ್ಟು ಕಡಿಮೆ ಕೊಟ್ಟರು, ಇಷ್ಟನ್ನು ಬರೆದು ಕಳಿಸಿ. ನೆರೆಹೊರೆಯವರದ್ದೂ ಸೇರಿಸಿ. ಹೆಸರು ಹಾಕುವುದಿಲ್ಲ. ಸಂಸದರಿಗೆ ನಾವು ಬರೆಯುವ ಪತ್ರದ ಜೊತೆ ಅದನ್ನು ಲಗತ್ತಿಸುತ್ತೇವೆ, ಅವರು ಕೊಟ್ಟ ಉತ್ತರವನ್ನು ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ.

- ಸಂಪಾದಕ